ಅರೆಕಾಲು ಸುತ್ತು

4 ಫೆಬ್ರುವರಿ 1996

ಕಿವಿರಾಯನಿಗೆ ಅಕ್ಕನ ಆಶೀರ್ವಾದ.

ಮೊದಲು ಕುರ್ಚಿಯ ಮೇಲೆ ಕೂತುಕೋ. ಕೂತೆಯಾ? ನಿನ್ನ ಕಾರು ಸಿಕ್ಕಿತು.

ಯಾವ ಕಾರು ಎಂದು ಕೇಳಬೇಡ, ಈ ಜನ್ಮದಲ್ಲಿ ನೀನು ಇಟ್ಟುಕೊಂಡ ಕಾರು ಅದೊಂದೇ. ಉದ್ದ ಒಂದೂವರೆ ಅಡಿ, ಬಣ್ಣ ಕೆಂಪು, ಬಾಲಕ್ಕೊಂದು ರೆಕ್ಕೆ, ಹೊಟ್ಟೆಯಲ್ಲಿ ನೈಟ್ರೋ ಇಂಧನ ಕುಡಿಯುವ ಎಂಜಿನ್. ಕೈಯಲ್ಲಿ ರಿಮೋಟ್ ಹಿಡಿದು ನೀನು ಅದನ್ನು ಓಡಿಸುವಾಗ ಬೀದಿಯ ಅರ್ಧ ಜನ ಕಿಟಕಿ ಮುಚ್ಚುತ್ತಿದ್ದರು, ಉಳಿದವರು ಬೈಯಲಿಕ್ಕೆಂದು ತೆರೆಯುತ್ತಿದ್ದರು. ಒಂಬತ್ತು ವರ್ಷದ ಹಿಂದೆ ಕೆಲಸಕ್ಕೆ ಹೊರಡುವಾಗ "ಅಕ್ಕ, ಜೋಪಾನ ಕಣೇ" ಎಂದು ನನ್ನ ಕೈಗೆ ಕೊಟ್ಟು ಹೋದೆ. ಜೋಪಾನ ಮಾಡಿದ್ದೇನೆ. ನನ್ನ ಹೊಲಿಗೆ ಅಂಗಡಿಯ ಟ್ರಂಕಿನಲ್ಲಿ, ಒಂಬತ್ತು ವರ್ಷದ ಬಟ್ಟೆ ಚೂರುಗಳ ಅಡಿಯಲ್ಲಿ.

ಹೊರಗೆ ತೆಗೆದು ನೋಡಿದರೆ ಆಘಾತ. ಎಂಜಿನ್ ಕಲ್ಲಾಗಿದೆ. ಸ್ಟಾರ್ಟ್ ಮಾಡುವ ಹಗ್ಗ ಎಳೆದರೆ ಹಗ್ಗ ಬರುವುದಿಲ್ಲ, ಕಾರೇ ಎದ್ದು ಬರುತ್ತದೆ. ನಾನಂತೂ ಈ ಒಂಬತ್ತು ವರ್ಷ ಅದನ್ನು ಮುಟ್ಟಿಲ್ಲ. ಒಂದೇ ಒಂದು ಸಲವೂ ಮುಟ್ಟಿಲ್ಲ. ಕನಸಿನಲ್ಲೂ ಮುಟ್ಟಿಲ್ಲ. ಮೂರು ಸಲ ಯಾಕೆ ಬರೆದೆ ಎಂದು ಕೇಳಬೇಡ.

ಈಗ ನಿಜವಾದ ವಿಷಯ. ಎರಡು ವರ್ಷವಾಯಿತು ನೀನು ಮನೆಗೆ ಬಂದು. ನಾಲ್ಕು ಸಲ ಫೋನ್ ಮಾಡಿದೆ. ನಾಲ್ಕು ಸಲವೂ ನಿಮ್ಮ ಗೇಟಿನ ಕಾವಲುಗಾರ "ಸಾಹೇಬ್ರು ಕೆಲಸದಲ್ಲಿದ್ದಾರಮ್ಮ" ಎಂದ. ನಿನ್ನ ಭಾವ "ಅವನಿಗೆ ನಮ್ಮ ಮೇಲೆ ಏನೋ ಸಿಟ್ಟು ಕಣೇ" ಎನ್ನುತ್ತಾರೆ. ಇದ್ದರೆ ಹೇಳಿಬಿಡು. ನಾನು ಹಾಕಿದ ಲೆಕ್ಕಾಚಾರ ಇಷ್ಟು: ಅಕ್ಕನ ದನಿಗೆ ಬಾರದವನು ಎಂಜಿನ್ನಿನ ದನಿಗೆ ಬಂದೇ ಬರುತ್ತಾನೆ. ಮೂರನೇ ಬೀದಿಯಲ್ಲಿ ಸ್ಕೂಟರ್ ಕೆಮ್ಮಿದರೆ, ಇಲ್ಲಿ ತಟ್ಟೆಯ ಮುಂದೆ ಕೂತು "ಪೋಸ್ಟ್‌ಮ್ಯಾನ್ ಗಾಡಿ, ಪ್ಲಗ್ ಹೋಗಿದೆ" ಎನ್ನುತ್ತಿದ್ದವನು ನೀನು. ಸುಮ್ಮನೆ ಬೀದಿ ನಿನಗೆ ಕಿವಿರಾಯ ಎಂದು ಹೆಸರಿಟ್ಟಿತೇ? ಈ ಎಂಜಿನ್ನಿಗೆ ಜೀವ ಬರಿಸಿ ನಿನಗೆ ಫೋನಿನಲ್ಲಿ ಕೇಳಿಸುತ್ತೇನೆ. ಆಮೇಲೆ ಹೇಗೆ ಬರುವುದಿಲ್ಲವೋ ನೋಡುತ್ತೇನೆ.

ಕಲ್ಲಾದ ಎಂಜಿನ್ ಹೇಗೆ ಬಿಡಿಸುವುದು, ಬರೆ.

ನಿನ್ನ ಅಕ್ಕ


13 ಫೆಬ್ರುವರಿ 1996

ಅಕ್ಕ,

ಕುರ್ಚಿಯ ಮೇಲೆ ಕೂತೇ ಓದಿದೆ, ಆದರೂ ಬೀಳುವುದರಲ್ಲಿದ್ದೆ. ಟ್ರಂಕಿನಲ್ಲಾ? ಚಿಂದಿಯ ಅಡಿಯಲ್ಲಾ? ಮೂರು ಬಹುಮಾನ ಗೆದ್ದ ಕಾರು ಕಣೇ ಅದು!

ಎಂಜಿನ್ ಕಲ್ಲಾಗಿದೆ ಎಂಬುದನ್ನು ನಾನು ಒಪ್ಪುವುದಿಲ್ಲ. ಅದರ ಇಂಧನದಲ್ಲಿ ಹರಳೆಣ್ಣೆ ಇರುತ್ತದೆ. ಟ್ಯಾಂಕಿನಲ್ಲಿ ಹಾಗೇ ಬಿಟ್ಟರೆ ವರ್ಷಗಟ್ಟಲೆ ಒಣಗಿ, ಅಂಟಾಗಿ, ಪಿಸ್ಟನ್ನನ್ನು ಹಿಡಿದುಕೊಳ್ಳುತ್ತದೆ. ಆದರೆ ಹೊರಡುವ ಹಿಂದಿನ ದಿನ ನಾನೇ ಟ್ಯಾಂಕ್ ಬರಿದು ಮಾಡಿ, ಒಳಗೆ ನಾಲ್ಕು ಹನಿ ಎಣ್ಣೆ ಬಿಟ್ಟು, ಒರೆಸಿ ಕೊಟ್ಟಿದ್ದೆ. ಬರಿದಾದ ಟ್ಯಾಂಕಿನಲ್ಲಿ ಅಂಟು ಎಲ್ಲಿಂದ ಬಂತು? ಯೋಚಿಸಿ ಯೋಚಿಸಿ ತಲೆ ಕೆಟ್ಟಿತು. ಕೊನೆಗೆ ನನ್ನ ನೆನಪಿನದೇ ತಪ್ಪು ಎಂದುಕೊಂಡೆ.

ಬಿಡಿಸುವ ಕ್ರಮ: ಎಂಜಿನ್ನಿನ ತಲೆಯ ಮೇಲೆ ಇಂಧನ ಹೊತ್ತಿಸುವ ಗ್ಲೋ ಪ್ಲಗ್ ಇದೆ, ಅದನ್ನು ಬಿಚ್ಚು. ಆ ತೂತಿಗೆ ನಿನ್ನ ಹೊಲಿಗೆ ಮೆಷಿನ್ನಿನ ಎಣ್ಣೆ ನಾಲ್ಕು ಹನಿ. ಇಸ್ತ್ರಿ ಪೆಟ್ಟಿಗೆ ಕಾಯಿಸಿ ಎಂಜಿನ್ನಿನ ಬೆನ್ನಿಗೆ ಹತ್ತು ನಿಮಿಷ ಆನಿಸಿಡು, ಅಂಟು ಕರಗಲಿ. ಆಮೇಲೆ ಎಂಜಿನ್ನಿನ ಅಡಿಯ ಚಕ್ರವನ್ನು ಬೆರಳಿನಿಂದ ಹಿಂದೆ ಮುಂದೆ ಆಡಿಸು. ಹಗ್ಗ ಎಳೆದು ಬಲ ತೋರಿಸಬೇಡ. ಹಳೆಯ ಇಂಧನ, ಹಳೆಯ ಟ್ಯೂಬು ಎರಡನ್ನೂ ಎಸೆ, ಹೊಸದು ತಾ.

ಕಾರ್ಬ್ಯುರೇಟರಿನಲ್ಲಿ ಒಂದು ಹಿತ್ತಾಳೆ ಸೂಜಿ ಇದೆ, ಇಂಧನದ ನಲ್ಲಿ ಎಂದುಕೋ. ಪೂರ್ತಿ ಮುಚ್ಚಿ, ಮೂರೂವರೆ ಸುತ್ತು ಹೊರಗೆ ತೆರೆ. ಅಲ್ಲಿಂದ ಮುಂದೆ ಕಾಲು ಸುತ್ತಿನಲ್ಲಿ ಅರ್ಧ, ಅರೆಕಾಲು ಸುತ್ತು ಮಾತ್ರ. ಒಳಗೆ ತಿರುಗಿಸಿದರೆ ಇಂಧನ ಕಡಿಮೆ, ಹೊರಗೆ ತಿರುಗಿಸಿದರೆ ಹೆಚ್ಚು. ಇಡೀ ವಿದ್ಯೆ ಇಷ್ಟೇ, ಉಳಿದದ್ದು ತಾಳ್ಮೆ. ಅದು ನಿನ್ನಲ್ಲಿ ಇಲ್ಲ.

ಸಿಟ್ಟು ಗಿಟ್ಟು ಏನೂ ಇಲ್ಲ. ನನಗೆ ಬಡ್ತಿ ಸಿಕ್ಕಿದೆ. ಜನರೇಟರ್ ಪರೀಕ್ಷೆಯ ಷೆಡ್ಡಿನಿಂದ ಸ್ಟೋರಿಗೆ ಹಾಕಿದ್ದಾರೆ. ನನ್ನ ಕೈಕೆಳಗೆ ಈಗ ಮೂವತ್ತು ಸಾವಿರ ಬೋಲ್ಟುಗಳಿವೆ, ಒಂದೂ ಎದುರು ಮಾತಾಡುವುದಿಲ್ಲ. ಬಹಳ ನಿಶ್ಶಬ್ದವಾದ ಜಾಗ. ಇಲ್ಲಿನ ಫೋನ್ ಸರಿಯಿಲ್ಲ. ಕಾಗದವೇ ಬರೆ, ನಿನ್ನ ಅಕ್ಷರ ಚೆನ್ನಾಗಿದೆ.

ತಮ್ಮ


25 ಫೆಬ್ರುವರಿ 1996

ಕಿವಿರಾಯ,

ನನ್ನ ಅಕ್ಷರ ಚೆನ್ನಾಗಿದೆ ಎಂದು ಈ ಭೂಮಿಯ ಮೇಲೆ ಮೊದಲ ಬಾರಿಗೆ ಒಬ್ಬರು ಹೇಳಿದ್ದಾರೆ. ಆಗಲೇ ನನಗೆ ಅನುಮಾನ ಬರಬೇಕಿತ್ತು, ಇರಲಿ.

ಇಸ್ತ್ರಿ ಪೆಟ್ಟಿಗೆ ಆನಿಸಿದೆ. ಹತ್ತು ನಿಮಿಷಕ್ಕೆ ಅಂಗಡಿಯ ತುಂಬ ಹರಳೆಣ್ಣೆಯ ವಾಸನೆ. ಊಟಕ್ಕೆ ಬಂದ ನಿನ್ನ ಭಾವ ಬಾಗಿಲಲ್ಲೇ ನಿಂತು, "ಯಾರಿಗೆ ಹೊಟ್ಟೆ ಸರಿ ಇಲ್ಲ?" ಎಂದರು. ಅಷ್ಟರಲ್ಲಿ ಚಕ್ರ ಕಟಕ್ ಎಂದು ಬಿಟ್ಟಿತು! ನಾನು ಚೀರಿದೆ. ಅವರು ಎಂದಿನಂತೆ ತುಟಿಗೆ ಬೆರಳಿಟ್ಟು "ಶ್!" ಎಂದರು. ಇಪ್ಪತ್ತೆರಡು ವರ್ಷ ಗ್ರಂಥಾಲಯದಲ್ಲಿ ಗುಮಾಸ್ತರಾಗಿರುವವರನ್ನು ಮದುವೆಯಾದರೆ ಮನೆಯಲ್ಲಿ ಸಂತೋಷ ಪಡಲಿಕ್ಕೂ ಪರವಾನಗಿ ಬೇಕು.

ಆಮೇಲೆ ಇನ್ನೊಂದು ಆಘಾತ. ಮೂವತ್ತು ಸಲ ಹಗ್ಗ ಎಳೆದರೂ ಹೊತ್ತಿಕೊಳ್ಳಲಿಲ್ಲ, ಒಳಗೆ ಇಂಧನ ತುಂಬಿಕೊಂಡಿತ್ತು. ಪ್ಲಗ್ ಬಿಚ್ಚಿ, ಕಾರನ್ನು ಅಡಿಮೇಲು ಮಾಡಿ ಹಗ್ಗ ಎಳೆದೆ. ಒಳಗಿದ್ದದ್ದು ಪಿಚಕಾರಿಯಂತೆ ಚಿಮ್ಮಿ ಗೋಡೆಗೆ ತೂಗುಹಾಕಿದ್ದ ವಕೀಲರ ಹೊಸ ಕೋಟಿನ ಎದೆಗೆ ಹೋಗಿ ಬಿತ್ತು. ಅವರು ಬಂದಾಗ, "ಇದೇನಮ್ಮ ವಾಸನೆ?" ಎಂದರು. "ಹೊಸ ಬಟ್ಟೆ ಸರ್, ಎರಡು ಸಲ ಹಾಕ್ಕೊಂಡ್ರೆ ಹೋಗತ್ತೆ" ಎಂದೆ. ನ್ಯಾಯಾಲಯದಲ್ಲಿ ಅವರ ಪಕ್ಕ ಯಾರೂ ಕೂರುತ್ತಿಲ್ಲವಂತೆ.

ಕೊನೆಗೆ ಹೊತ್ತಿಕೊಂಡಿತು ಕಣೋ! ಗಣಿತದ ಮೇಷ್ಟ್ರು ಬಿಸಿನೀರಿನಲ್ಲಿ ಗಂಟಲು ಮುಕ್ಕಳಿಸಿದ ಹಾಗೆ ಗೊಳಗೊಳ ಎನ್ನುತ್ತದೆ, ಆಮೇಲೆ ನಿಂತುಹೋಗುತ್ತದೆ. ಇದು ಒಳ್ಳೆಯ ಶಬ್ದವೋ ಕೆಟ್ಟದ್ದೋ? ನೀನು ಕೇಳಿದರೆ ಅರ್ಧ ಕ್ಷಣದಲ್ಲಿ ಹೇಳುತ್ತೀಯ. ಮಾರ್ಚ್ 10, ಭಾನುವಾರ, ಬೆಳಿಗ್ಗೆ ಹನ್ನೊಂದಕ್ಕೆ ನೇರವಾಗಿ ನಿನ್ನ ಸ್ಟೋರಿಗೇ ಫೋನ್ ಮಾಡುತ್ತೇನೆ. ಎತ್ತಿಕೋ, ಸಾಕು. ಮಾತಾಡಬೇಡ. ಬರೀ ಕೇಳು.

ಅಕ್ಕ


5 ಮಾರ್ಚ್ 1996

ಅಕ್ಕ,

ಫೋನ್ ಮಾಡಬೇಡ. ಭಾನುವಾರ ನಾನು ಸ್ಟೋರಿನಲ್ಲಿ ಇರುವುದಿಲ್ಲ.

ಶಬ್ದವನ್ನು ನಂಬಬೇಡ, ಅದು ಮೋಸ. ಹೊಗೆ ನೋಡು. ಓಡುವಾಗ ಹಿಂದೆ ತೆಳ್ಳಗೆ, ಬೂದಿ ಬಣ್ಣದ ಎಳೆ ಬರುತ್ತಲೇ ಇರಬೇಕು. ದಪ್ಪ ಮೋಡ ಬಂದರೆ ಇಂಧನ ಹೆಚ್ಚು, ಅರೆಕಾಲು ಸುತ್ತು ಒಳಗೆ. ಹೊಗೆಯೇ ಇಲ್ಲದಿದ್ದರೆ ಅಪಾಯ, ತಕ್ಷಣ ಹೊರಗೆ. ಐದು ನಿಮಿಷ ಓಡಿಸಿ ಎಂಜಿನ್ನಿನ ತಲೆಯ ಮೇಲೆ ಒಂದು ಹನಿ ನೀರು ಬಿಡು. ಬಿದ್ದ ಕೂಡಲೇ ಹಾರಿಹೋದರೆ ಕಾವು ಹೆಚ್ಚು. ಸುಮ್ಮನೆ ಕೂತಿದ್ದರೆ ಕಡಿಮೆ. ನಾಲ್ಕು ಎಣಿಸುವುದರಲ್ಲಿ ಕುದಿದು ಆರಿದರೆ ಸರಿ. ಅಂಗೈಯನ್ನು ಕಾರಿನ ಬೆನ್ನ ಮೇಲಿಡು. ನಡುಕ ಒಂದೇ ಸಮ ಇರಬೇಕು, ಎಡವಬಾರದು.

ಆ ಅಡ್ಡಹೆಸರು ಇನ್ನು ಬಿಡು. ವಯಸ್ಸಾಯಿತು.

ತಮ್ಮ


12 ಮಾರ್ಚ್ 1996

ಸ್ಟೋರ್ ಸಾಹೇಬರಿಗೆ,

ನಿಮ್ಮ ಕಾಗದ ಇವತ್ತು ಬಂತು. ಭಾನುವಾರಕ್ಕೆ ಮುಂಚೆ ಬಂದಿದ್ದರೆ ನನ್ನ ಮರ್ಯಾದೆ ಉಳಿಯುತ್ತಿತ್ತು.

ಬೀದಿ ತುದಿಯ ಫೋನ್ ಅಂಗಡಿಯ ಕಟ್ಟೆಯ ಮೇಲೆ ಕಾರಿಟ್ಟು, ಎಂಜಿನ್ ಶುರು ಮಾಡಿ, ರಿಸೀವರನ್ನು ಅದರ ಹೊಗೆ ಕೊಳವೆಗೆ ಹಿಡಿದು ನಿಂತೆ. ಅಂಗಡಿಯವನು ಎದೆ ಹಿಡಿದುಕೊಂಡು ಸ್ಟೂಲಿನ ಮೇಲೆ ಕೂತ. "ಅಮ್ಮಾ, ಯಾರ್ ಜೊತೆ ಜಗಳ ಆಡ್ತಿದೀರಾ?" ಎಂದು ಕೇಳಿದ. ನಿನ್ನ ಸ್ಟೋರಿನ ಗಂಟೆ ಎರಡು ಸಲ ಕೊನೆಯ ತನಕ ಹೊಡೆಯಿತು. ಮೂರನೇ ಸಲ ಗೇಟಿಗೆ ಮಾಡಿದೆ. ಕಾವಲುಗಾರ ಹೇಳಿದ್ದನ್ನು ಹಾಗೇ ಬರೆಯುತ್ತೇನೆ: "ಇದ್ದಾರಲ್ಲಮ್ಮ, ಕಿಟಕೀಲಿ ಕಾಣ್ತಾ ಇದ್ದಾರೆ. ಫೋನ್ ಮುಂದೇನೇ ಕೂತಿದ್ದಾರೆ. ಅದನ್ನೇ ನೋಡ್ತಾ ಇದ್ದಾರೆ." ಹಾಗಾದರೆ ಎತ್ತಲಿಲ್ಲ ಯಾಕಪ್ಪ ಎಂದೆ. "ಅದು... ಅವರನ್ನೇ ಕೇಳೀಮ್ಮ" ಎಂದು ಇಟ್ಟುಬಿಟ್ಟ.

ಗಂಟೆ ಹೊಡೆಯುತ್ತಿತ್ತು, ನೀನು ನೋಡುತ್ತ ಕೂತಿದ್ದೆ. ಇರುವುದಿಲ್ಲ ಎಂದು ಬರೆದೂ ಕೂತಿದ್ದೆ. ನಿನಗೆ ಚಡ್ಡಿಯಿಂದ ಹಿಡಿದು ಕೋಟಿನವರೆಗೆ ಹೊಲಿದುಕೊಟ್ಟವಳು ನಾನು. ಯಾವ ಹೊಲಿಗೆ ಎಲ್ಲಿ ಬಿಟ್ಟಿತು ಹೇಳು.

ಇದರ ಜೊತೆ ಒಂದು ಕ್ಯಾಸೆಟ್ ಇದೆ. ಎಂಜಿನ್ನಿನ ಶಬ್ದ ತುಂಬಿಸಿದ್ದೇನೆ. ಕೇಳಿ ಒಂದು ಸಾಲು ಬರೆ. ಅದೂ ಆಗದಿದ್ದರೆ ನನಗೆ ಅರ್ಥವಾಗುತ್ತದೆ, ಇನ್ನು ಮೇಲೆ ತೊಂದರೆ ಕೊಡುವುದಿಲ್ಲ.

ಅಕ್ಕ


22 ಮಾರ್ಚ್ 1996

ಪ್ರೀತಿಯ ಅಕ್ಕ,

ತಪ್ಪಾಯಿತು. ಅವತ್ತು ಯಾವುದೋ ಯೋಚನೆಯಲ್ಲಿದ್ದೆ. ಸಿಟ್ಟು ಮಾಡಬೇಡ.

ಕ್ಯಾಸೆಟ್ ಬಂತು. ಟೇಪ್ ರೆಕಾರ್ಡರ್ ಎರವಲು ತಂದು ಬಾಗಿಲು ಹಾಕಿಕೊಂಡು ಮೂರು ಸಲ ಕೇಳಿದೆ. ಅಕ್ಕ, ಎಂಥ ನಾದ! ಮನಸ್ಸು ತುಂಬಿ ಬಂತು. ನಿಂತಲ್ಲಿ ಓಡುವಾಗ ಬಹಳ ಸ್ಥಿರವಾಗಿದೆ, ಕೈ ಇಡುವ ಹಾಗಿಲ್ಲ. ವೇಗ ಏರಿದಾಗ ಮಾತ್ರ ಒಂದಿಷ್ಟು ಇಂಧನ ಹೆಚ್ಚಾದ ಹಾಗಿದೆ. ಅರೆಕಾಲು ಸುತ್ತು ಒಳಗೆ ತಿರುಗಿಸು, ಸರಿಹೋಗುತ್ತದೆ. ಒಂಬತ್ತು ವರ್ಷ ಮಲಗಿದ್ದ ಯಂತ್ರ ಇಷ್ಟು ಚೆನ್ನಾಗಿ ಉಸಿರಾಡುವುದನ್ನು ನಾನು ನನ್ನ ಅನುಭವದಲ್ಲೇ ಕೇಳಿಲ್ಲ. ನಡುವೆ ನಿನ್ನ ದನಿಯೂ ಬಂತು. ಏನೂ ಬದಲಾಗಿಲ್ಲ, ಅದೇ ಪ್ರೀತಿಯ ದನಿ.

ನಿನ್ನ ತಮ್ಮ


1 ಏಪ್ರಿಲ್ 1996, ಬೆಳಿಗ್ಗೆ

ಮಹಾ ಮೇಧಾವಿಯೇ,

ಈ ದಿನಾಂಕ ನೋಡಿ ತಮಾಷೆ ಎಂದುಕೊಳ್ಳಬೇಡ.

ಎಂಜಿನ್ನಿನ ಕ್ಯಾಸೆಟ್ ಇಲ್ಲೇ ಇದೆ. ದಾರದ ಉಂಡೆಗಳ ಡಬ್ಬಿಯಲ್ಲಿತ್ತು, ಈಗ ತಾನೇ ಸಿಕ್ಕಿತು. ಎರಡೂ ಕ್ಯಾಸೆಟ್ ಒಂದೇ ಥರ ಇದ್ದವು, ಅವಸರದಲ್ಲಿ ಬದಲಾಗಿದೆ. ನೀನು ಮೂರು ಸಲ ಕೇಳಿ ಮನಸ್ಸು ತುಂಬಿಸಿಕೊಂಡದ್ದು ನಿನ್ನ ಭಾವನ ಗೊರಕೆ.

ಹೌದು. ಗೊರಕೆ. ಜನರಿಗೆಲ್ಲ ದಿನವಿಡೀ "ಶ್" ಎನ್ನುವ ಮನುಷ್ಯ ಭಾನುವಾರ ಮಧ್ಯಾಹ್ನ ಊಟ ಮಾಡಿ ಮಲಗಿದರೆ ಕಪಾಟಿನ ಪಾತ್ರೆಗಳು ಜಾಗ ಬದಲಿಸುತ್ತವೆ. "ನಾನಾ? ಗೊರಕೆನಾ? ಸಾಕ್ಷಿ ಇದೆಯಾ?" ಎಂದು ಕೇಳಿದ್ದಕ್ಕೆ ಸಾಕ್ಷಿಗೆಂದು ತುಂಬಿಸಿದ್ದೆ. ನೀನು ಅವರ ನಿಂತಲ್ಲಿನ ಓಟ ಸ್ಥಿರವಾಗಿದೆ ಎಂದು ಪ್ರಮಾಣಪತ್ರ ಕೊಟ್ಟಿದ್ದೀಯ. ಅರೆಕಾಲು ಸುತ್ತು ಒಳಗೆ ತಿರುಗಿಸು ಎಂದಿದ್ದೀಯ. ಏನನ್ನು ತಿರುಗಿಸಲಿ? ಮೂಗನ್ನಾ? ಅದರಲ್ಲಿ ಬರುವ ನನ್ನ "ಪ್ರೀತಿಯ ದನಿ" ಏನು ಗೊತ್ತಾ? "ಕೇಳ್ರೀ, ಕೇಳಿ, ಇದು ನೀವಲ್ಲ ಅಂತೀರಲ್ಲ, ನಾಚ್ಕೆ ಆಗಲ್ವಾ!"

ನಗು ಬಂತು. ನಕ್ಕು ಮುಗಿದ ಮೇಲೆ ಮೈ ಉರಿಯಿತು. ನೀನು ಅದನ್ನು ಕೇಳಲೇ ಇಲ್ಲ. ಯಾವುದೋ ಬೋಲ್ಟಿನ ಡಬ್ಬಿಯಲ್ಲಿ ಎಸೆದು, ನಾಲ್ಕು ಒಳ್ಳೆಯ ಮಾತು ಬರೆದು ಅಕ್ಕನ ಬಾಯಿ ಮುಚ್ಚಿಸಿದೆ. ಇಷ್ಟು ಸುಳ್ಳು ಯಾವಾಗ ಕಲಿತೆ? ನನಗೆ ಇನ್ನು

ಅದೇ ದಿನ, ಮಧ್ಯಾಹ್ನ ಮೂರು ಗಂಟೆ

ಮೇಲಿನದನ್ನು ಅಲ್ಲಿಗೇ ನಿಲ್ಲಿಸಿ, ನಿನ್ನ ಕಾಗದಗಳನ್ನೆಲ್ಲ ತೆಗೆದು ಕತ್ತರಿಸುವ ಮೇಜಿನ ಮೇಲೆ ಸಾಲಾಗಿ ಇಟ್ಟೆ, ಅಳತೆ ಪುಸ್ತಕ ನೋಡುವ ಹಾಗೆ ನೋಡಿದೆ.

ಬಹಳ ನಿಶ್ಶಬ್ದವಾದ ಜಾಗ. ಕಾಗದವೇ ಬರೆ. ಶಬ್ದವನ್ನು ನಂಬಬೇಡ. ಹೊಗೆ ನೋಡು, ನೀರಿನ ಹನಿ ನೋಡು, ಅಂಗೈ ಇಡು. ಆ ಅಡ್ಡಹೆಸರು ಬಿಡು. ಫೋನ್ ಮುಂದೇನೇ ಕೂತು ಅದನ್ನೇ ನೋಡ್ತಾ ಇದ್ದಾರೆ.

ಅಕ್ಷರ ಇನ್ನೂ ಕೆಟ್ಟಿದೆ, ಕ್ಷಮಿಸು. ಒಂದೇ ಪ್ರಶ್ನೆ.

ನಿನಗೆ ಕೇಳಿಸುತ್ತಾ?


15 ಏಪ್ರಿಲ್ 1996

ಉತ್ತರ ಬರೆ.

ಅಕ್ಕ


24 ಏಪ್ರಿಲ್ 1996

ಬರೆಯೋ.


30 ಏಪ್ರಿಲ್ 1996

ಅಕ್ಕ,

ಇಲ್ಲ.

ಈ ಒಂದು ಮಾತು ಬರೆಯಲಿಕ್ಕೆ ನಾಲ್ಕು ವಾರ ಹಿಡಿಯಿತು. ಎರಡೂ ಕಿವಿ. ಎರಡು ವರ್ಷದ ಮೇಲಾಯಿತು.

ಪರೀಕ್ಷೆಯ ಷೆಡ್ಡಿನಲ್ಲಿ ಎಲ್ಲರಿಗೂ ಕಿವಿ ಮುಚ್ಚಿಕೊಳ್ಳಲು ಬಟ್ಟಲಿನಂಥವನ್ನು ಕೊಟ್ಟಿದ್ದರು. ಎಲ್ಲರೂ ಹಾಕಿಕೊಂಡರು, ನಾನೊಬ್ಬ ಹಾಕಿಕೊಳ್ಳಲಿಲ್ಲ. ಜನರೇಟರಿನೊಳಗೆ ಯಾವ ಬೇರಿಂಗ್ ಸವೆದಿದೆ ಎಂದು ಬರೀ ಕಿವಿಯಲ್ಲಿ ಹೇಳುತ್ತಿದ್ದೆನಲ್ಲ, ಮುಚ್ಚಿಕೊಂಡರೆ ಕಿವಿರಾಯನ ಮರ್ಯಾದೆ ಏನಾಗಬೇಕು? ಮೇಲ್ವಿಚಾರಕರು ಬೈದರೆ ಕುತ್ತಿಗೆಗೆ ಹಾಕಿಕೊಳ್ಳುತ್ತಿದ್ದೆ. ಏಳು ವರ್ಷ ಹಾಗೆ ಮೆರೆದೆ. ಮೊದಲು ಹಕ್ಕಿಗಳು ಹೋದವು, ಆಮೇಲೆ ಹೆಂಗಸರ ಮಾತು, ಆಮೇಲೆ ಎಲ್ಲವೂ. ವೈದ್ಯರು ಒಂದು ಚೀಟಿಯ ಮೇಲೆ ಬರೆದು ತೋರಿಸಿದರು: "ಇನ್ನು ಬರುವುದಿಲ್ಲ." ಬಡ್ತಿಯಲ್ಲ ಅಕ್ಕ, ಪಾಪ ಎಂದು ಸ್ಟೋರಿನಲ್ಲಿ ಕೂರಿಸಿದ್ದಾರೆ. ಮನೆಯವರಿಗೆ ಹೇಳಕೂಡದು ಎಂದು ಕಾವಲುಗಾರನಿಂದ ನಾನೇ ಮಾತು ತೆಗೆದುಕೊಂಡಿದ್ದೆ.

ಆ ಭಾನುವಾರ ನಾನು ಫೋನ್ ಮೇಲೆ ನಾಲ್ಕು ವಾಷರುಗಳನ್ನು ಇಟ್ಟುಕೊಂಡು ಕೂತಿದ್ದೆ, ತೆಳ್ಳನೆಯ ತಗಡಿನವು. ಸರಿಯಾಗಿ ಹನ್ನೊಂದಕ್ಕೆ ಕುಣಿದವು. ನಿಂತವು. ಮತ್ತೆ ಕುಣಿದವು. ನೀನೇ ಎಂದು ಗೊತ್ತಿತ್ತು. ಎತ್ತಿದ್ದರೆ ಕುಣಿತ ನಿಂತುಬಿಡುತ್ತಿತ್ತು, ಅದಕ್ಕೇ ಎತ್ತಲಿಲ್ಲ.

ನಿನ್ನ ಕ್ಯಾಸೆಟ್ ಹಾಕಿ ಟೇಪ್ ರೆಕಾರ್ಡರಿನ ಮೇಲೂ ಬೆರಳಿಟ್ಟು ನೋಡಿದೆ. ಏನೂ ತಿಳಿಯಲಿಲ್ಲ. ನಿನಗೆ ನೋವಾಗಬಾರದು ಎಂದು ಊಹಿಸಿ ಬರೆದೆ. ಭಾವನ ಹತ್ತಿರ ಕ್ಷಮೆ ಕೇಳು.

ಊರಿಗೆ ಹೇಗೆ ಬರಲಿ? ಬೀದಿಯವರು ಸ್ಕೂಟರ್ ತಂದು ಮುಂದೆ ನಿಲ್ಲಿಸಿ "ಕೇಳಿ ಹೇಳೋ ಕಿವಿರಾಯ" ಎನ್ನುತ್ತಾರೆ. ನನ್ನಲ್ಲಿದ್ದದ್ದು ಅದೊಂದೇ ವಿದ್ಯೆ. ಕಾರನ್ನು ಯಾರಿಗಾದರೂ ಕೊಟ್ಟುಬಿಡು.

ತಮ್ಮ


8 ಮೇ 1996

ತಮ್ಮಾ,

ನಿನ್ನ ಕಾಗದ ಓದಿ ಒಂದು ದಿನ ಅಂಗಡಿ ತೆಗೆಯಲಿಲ್ಲ. ನಿನ್ನ ಭಾವನಿಗೆ ಓದಿ ಹೇಳಿದೆ. ಅವರು ಎದ್ದು ಹಿತ್ತಲಿಗೆ ಹೋಗಿ ಬಂದು, "ನಾನು ಇಷ್ಟು ವರ್ಷ ಜನಕ್ಕೆ ಶ್ ಅಂದಿದ್ದೇ ಜಾಸ್ತಿ ಆಯ್ತು" ಎಂದರು. ನಾನು ಅತ್ತದ್ದನ್ನು ಬರೆಯುವುದಿಲ್ಲ, ಅದು ನನ್ನ ಸ್ವಂತ ವಿಷಯ.

ಎರಡನೆಯ ದಿನ ಒಂದು ಕೆಲಸ ಮಾಡಿದೆ. ಕೋಟಿನ ಭುಜಕ್ಕೆ ತುಂಬುವ ಹತ್ತಿಯನ್ನು ಎರಡೂ ಕಿವಿಗೆ ತುರುಕಿದೆ. ಮೇಲೆ ಮಫ್ಲರ್ ಬಿಗಿದೆ. ನಿನ್ನ ಮಾರ್ಚ್ 5ರ ಕಾಗದವನ್ನು ಗೋಡೆಗೆ ಗುಂಡುಸೂಜಿಯಿಂದ ಚುಚ್ಚಿ, ಕಾರು ಶುರು ಮಾಡಿದೆ. ಹೊಗೆ ದಪ್ಪ ಬಂತು, ಅರೆಕಾಲು ಸುತ್ತು ಒಳಗೆ. ಇನ್ನೂ ದಪ್ಪ, ಇನ್ನೊಂದು ಅರೆಕಾಲು. ನೀರಿನ ಹನಿ ಸುಮ್ಮನೆ ಕೂತಿತು, ಮತ್ತೊಂದು. ಈಗ ಹನಿ ನಾಲ್ಕು ಎಣಿಸುವಷ್ಟರಲ್ಲಿ ಕುದಿದು ಆರಿತು. ಅಂಗೈ ಇಟ್ಟೆ. ನಡುಕ ಒಂದೇ ಸಮ, ನನ್ನ ಮೆಷಿನ್ ಉದ್ದನೆಯ ಪರದೆ ಹೊಲಿಯುವಾಗ ಇರುವ ಹಾಗೆ.

ರಸ್ತೆಗೆ ಬಿಟ್ಟೆ. ಹಾರಿತು ಕಣೋ! ಫೋನ್ ಅಂಗಡಿಯವನು ಮತ್ತೆ ಎದೆ ಹಿಡಿದುಕೊಂಡ. ಕಿವಿ ತೆರೆದುಕೊಂಡು ನಾನು ಎರಡು ತಿಂಗಳು ಒದ್ದಾಡಿದರೂ ಗೊಳಗೊಳ ಎನ್ನುತ್ತಿದ್ದ ಎಂಜಿನ್ ಅದು. ಕಿವಿ ಇದ್ದದ್ದು ನನಗೆ, ಸರಿ ಮಾಡಿದ್ದು ನೀನು. ಅದೂ ಅಂಚೆಯಲ್ಲಿ. ಇನ್ನೊಂದು ಸಲ "ಅದೊಂದೇ ವಿದ್ಯೆ" ಎಂದು ಬರೆದರೆ ಇಸ್ತ್ರಿ ಪೆಟ್ಟಿಗೆ ಹಿಡಿದು ಅಲ್ಲಿಗೇ ಬರುತ್ತೇನೆ.

ನೀನು ನಿನ್ನದನ್ನು ಹೇಳಿದೆ, ನಾನೂ ಹೇಳುತ್ತೇನೆ. ನಿನ್ನ ನೆನಪಿನದು ತಪ್ಪಿಲ್ಲ. ಟ್ಯಾಂಕ್ ಬರಿದಾಗಿಯೇ ಇತ್ತು. ನೀನು ಹೋದ ಮೂರನೇ ದಿನ ನಾನೇ ಇಂಧನ ತುಂಬಿ ಓಡಿಸಿದೆ. ಮೊದಲು ರಿಮೋಟ್ ಹಾಕಬೇಕು ಎಂದು ಗೊತ್ತಿರಲಿಲ್ಲ. ಕಾರು ತನ್ನಿಷ್ಟಕ್ಕೆ ಓಡಿ ಕ್ಷೌರದ ಅಂಗಡಿಯೊಳಗೆ ನುಗ್ಗಿತು. ಒಳಗೆ ನಿವೃತ್ತ ಪೊಲೀಸ್ ಇನ್‌ಸ್ಪೆಕ್ಟರು ಮೀಸೆ ಸರಿಮಾಡಿಸಿಕೊಳ್ಳುತ್ತಿದ್ದರು. ಕ್ಷೌರಿಕ ಹೌಹಾರಿದ, ಎಡಗಡೆಯ ಅರ್ಧ ಮೀಸೆ ಹೋಯಿತು. ಅವರು ಕಣ್ಣು ಬಿಡುವುದರೊಳಗೆ ಕಾರನ್ನು ಸೆರಗಿನಲ್ಲಿ ಸುತ್ತಿಕೊಂಡು ಓಡಿಬಂದು, ತುಂಬಿದ ಟ್ಯಾಂಕಿನ ಸಮೇತ ಟ್ರಂಕಿಗೆ ಹಾಕಿದೆ. ಇವತ್ತಿಗೂ ಇನ್‌ಸ್ಪೆಕ್ಟರು ಆ ಕ್ಷೌರಿಕನ ಜೊತೆ ಮಾತಾಡುವುದಿಲ್ಲ.

ಕಾರನ್ನು ಯಾರಿಗೂ ಕೊಡುವುದಿಲ್ಲ. ಬಂದು ನೀನೇ ಅಂಗೈ ಇಟ್ಟು ನೋಡು. ಸ್ಕೂಟರ್ ತಂದು ನಿಲ್ಲಿಸುವವರಿಗೆ ನಾನು ಉತ್ತರ ಕೊಡುತ್ತೇನೆ, ಕತ್ತರಿ ನನ್ನ ಕೈಯಲ್ಲೇ ಇರುತ್ತದೆ.

ಅಕ್ಕ


17 ಮೇ 1996

ಅಕ್ಕ,

ಅರ್ಧ ಮೀಸೆ! ಒಂಬತ್ತು ವರ್ಷ! ನನ್ನ ಕಿವಿ ಹೋದಾಗಲೂ ನನಗೆ ಇಷ್ಟು ಆಘಾತ ಆಗಿರಲಿಲ್ಲ. ನಾನು ಬರುವುದರೊಳಗೆ ಆ ಕ್ಷೌರಿಕನ ಹತ್ತಿರ ಹೋಗಿ ತಪ್ಪೊಪ್ಪಿಕೋ.

25ನೇ ತಾರೀಕು, ಶನಿವಾರ, ಸಂಜೆಯ ಬಸ್ಸು. ನಿಲ್ದಾಣದಲ್ಲಿ ಗುಂಪಿರುತ್ತದೆ, ನನ್ನನ್ನು ಕೂಗಬೇಡ. ಕಾರು ಶುರು ಮಾಡಿ ಹೊಗೆ ಬಿಡು, ನೋಡಿಕೊಂಡು ಬರುತ್ತೇನೆ. ದಪ್ಪಗೆ ಬಿಡಬೇಡ, ತೆಳ್ಳಗೆ, ಬೂದಿ ಬಣ್ಣ.

ನನ್ನ ಹಾಸಿಗೆಯನ್ನು ಭಾವನ ಕೋಣೆಯಲ್ಲೇ ಹಾಸು. ಅವರ ಪಕ್ಕದಲ್ಲಿ ಮಲಗಿ ನಿದ್ದೆ ಮಾಡಬಲ್ಲವನು ಈ ಪ್ರಪಂಚದಲ್ಲಿ ನಾನೊಬ್ಬನೇ.

ಕಿವಿರಾಯ